ಮರಳಿ ಗೆಲ್ಲಬೇಕಾಗಿದ್ದ ಹುಡುಗಿಯ ಕಡೆಯಿಂದ

ಹದಿಹರೆಯದವರಿಗಾಗಿ ಬರೆಯುವ ಪ್ರೇಮಕಥೆಗಳಲ್ಲಿ ಒಂದು ಕಥಾಹಂದರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರೀತಿಸಿದ ಹುಡುಗಿ ದೂರವಾದ ಮೇಲೆ ಅವಳಲ್ಲಿ ಹೊಟ್ಟೆಕಿಚ್ಚು ಹುಟ್ಟಿಸಿ ಮರಳಿ ಪಡೆಯಬೇಕೆಂದು ಹುಡುಗನೊಬ್ಬ ಯೋಚಿಸುತ್ತಾನೆ. ಅದಕ್ಕಾಗಿ ತನ್ನದೇ ತರಗತಿಯ ಇನ್ನೊಬ್ಬ ಹುಡುಗಿಯನ್ನು ಒಪ್ಪಿಸುತ್ತಾನೆ. ಇಬ್ಬರೂ ಪ್ರೇಮಿಗಳಂತೆ ಎಲ್ಲರೆದುರು ಓಡಾಡುತ್ತಾರೆ. ನಟಿಸುತ್ತ ನಟಿಸುತ್ತಲೇ ಅವರ ನಡುವೆ ನಿಜವಾದ ಪ್ರೀತಿ ಹುಟ್ಟುತ್ತದೆ. ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಇಂಥ ಕಥೆಗಳನ್ನು ಮೊಬೈಲಿನಲ್ಲಿ ಬಿಡದೆ ಓದುತ್ತಾಳೆ, ಈಗ ತಾನೂ ಒಂದನ್ನು ಬರೆಯತೊಡಗಿದ್ದಾಳೆ. ಅವಳ ಕಥೆ ನಮ್ಮ ಕಲಬುರಗಿಯಲ್ಲಿಯೇ ನಡೆಯುತ್ತದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಆದರೆ ಅವಳು ಓದಲು ಕೊಟ್ಟ ಅಧ್ಯಾಯಗಳಲ್ಲಿ ದೂರವಾದ ಹುಡುಗಿಗೆ ಹೆಸರಿದೆ, ಉದ್ದ ಜಡೆಯಿದೆ, ಸೊಕ್ಕಿದೆ. ಮಾತು ಮಾತ್ರ ಒಂದೂ ಇಲ್ಲ. ಅವಳು ಏಕೆ ದೂರವಾದಳು ಎಂಬುದಕ್ಕೆ ಕಾರಣವನ್ನೂ ಕೊಟ್ಟಿಲ್ಲ. ಈ ಬಗೆಯ ಕಥೆಗಳಲ್ಲಿ ಅವಳ ಪಾಡು ಸಾಮಾನ್ಯವಾಗಿ ಇಷ್ಟೇ: ಮೊದಲು ಗೆಲ್ಲಬೇಕಾದವಳಾಗಿ ಬರುತ್ತಾಳೆ, ಕೊನೆಗೆ ಬೇಡವಾಗಿ ಹೋಗುತ್ತಾಳೆ. ಹದಿನೇಳರ ವಯಸ್ಸಿನಲ್ಲಿ ನಾನು ಆ ಜಾಗದಲ್ಲಿದ್ದೆ. ಅಲ್ಲಿಂದ ಈ ಕಥೆ ಹೇಗೆ ಕಾಣುತ್ತದೆ ಎಂಬುದನ್ನು ಅಕ್ಕನ ಮಗಳಿಗಾಗಿ, ಅವಳ ವಯಸ್ಸಿನ ಇತರರಿಗಾಗಿ ಬರೆದಿಡಬೇಕೆನಿಸಿದೆ.

ಇದು ನಡೆದದ್ದು 2008ರ ಮಳೆಗಾಲದಿಂದ 2009ರ ಬೇಸಿಗೆಯವರೆಗೆ, ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಗ. ಅಂಕಪಟ್ಟಿಗಳ ಮೇಲೆ ಊರಿನ ಹೆಸರು ಇನ್ನೂ ಗುಲ್ಬರ್ಗಾ ಎಂದೇ ಇದ್ದ ಕಾಲ. ಅಧಿಕೃತವಾಗಿ ಅದು ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಬೆಳಿಗ್ಗೆ ಗಣಿತದ ಟ್ಯೂಷನ್, ಸಂಜೆ ಭೌತಶಾಸ್ತ್ರದ ಟ್ಯೂಷನ್, ನಡುವೆ ಕಾಲೇಜು. ಹುಡುಗರೂ ಹುಡುಗಿಯರೂ ಒಂದೇ ಕೋಣೆಯಲ್ಲಿ ಕುಳಿತರೂ ನಡುವೆ ಬಿಟ್ಟ ದಾರಿಯನ್ನು ದಾಟಿ ಮಾತಾಡುವವರು ಅಪರೂಪವಾಗಿದ್ದರು. ನಾನು ಪ್ರೀತಿಸುತ್ತಿದ್ದ ಹುಡುಗ ಟಿಪ್ಪಣಿ ಬರೆದುಕೊಳ್ಳುವ ನೆಪದಲ್ಲಿ ನನ್ನ ಭೌತಶಾಸ್ತ್ರದ ನೋಟ್‌ಬುಕ್ ಒಯ್ದು, ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಎರಡು ಸಾಲು ಬರೆದು ಮರಳಿಸುತ್ತಿದ್ದ; ನಾನು ಓದಿ, ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ ನನ್ನ ಉತ್ತರ ಬರೆದು ಮತ್ತೆ ಕೊಡುತ್ತಿದ್ದೆ. ಆ ಪುಟ ಅಳಿಸಿ ಅಳಿಸಿ ಎಷ್ಟು ತೆಳ್ಳಗಾಗಿತ್ತೆಂದರೆ, ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತಿತ್ತು. ನಮ್ಮ ಪ್ರೀತಿಯೆಲ್ಲ ನಡೆದದ್ದು ಆ ಒಂದು ಪುಟದಲ್ಲಿ. ರಸ್ತೆಯಲ್ಲಿ ನಾವು ಒಬ್ಬರನ್ನೊಬ್ಬರು ಗುರುತು ಸಿಕ್ಕಂತೆಯೂ ನೋಡುತ್ತಿರಲಿಲ್ಲ.

ಇದರಲ್ಲಿ ನಮ್ಮಿಬ್ಬರ ವಿಶೇಷವೇನೂ ಇಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯ ಮಾರುವವರೂ ‘ನೀ ಯಾರ ಮಗಳವ್ವಾ?’ ಎಂದು ಕೇಳಿ ಅಪ್ಪನ ಊರು, ಅಜ್ಜನ ಊರು ಪತ್ತೆ ಹಚ್ಚುವ ಊರಿನಲ್ಲಿ ಹರೆಯದವರು ಮೊದಲು ಕಲಿಯುವುದು ಕಾಣಿಸಿಕೊಳ್ಳದೆ ಇರುವುದನ್ನು. ‘ಅಪ್ಪನ ಕೆರೆ’ ಎಂಬ ಊರ ಕೆರೆಯ ದಂಡೆ, ಕೋಟೆಯ ಒಳಗಿನ ಪಾಳು ಗೋಡೆಗಳ ಮಗ್ಗುಲು, ಸಾರ್ವಜನಿಕ ಉದ್ಯಾನದ ಹಿಂಬದಿ, ಇವೆಲ್ಲ ನಮ್ಮಲ್ಲಿ ಹೆಸರಾದದ್ದು ಅಲ್ಲಿ ಜನ ಕಡಿಮೆ ಎಂಬ ಕಾರಣಕ್ಕೆ. ಅಲ್ಲಿಗೆ ಹೋಗುವ ಧೈರ್ಯವೂ ನಮಗಿರಲಿಲ್ಲ. ಈ ಮಾತನ್ನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಅವನು ಹೂಡಿದ ನಾಟಕವನ್ನು ನಾನು ಮೊದಲ ನೋಟದಲ್ಲೇ ಗುರುತಿಸಿದ್ದು ಇದರಿಂದಲೇ.

ನಾನು ದೂರವಾದದ್ದು ಒಂದು ಪತ್ರದಿಂದ. ಆ ವರ್ಷ ನಮ್ಮ ಹೊಲದ ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಹೂ, ಕಾಯಿ ಕಟ್ಟುವ ಹೊತ್ತಿನಲ್ಲಿ ಈ ಹುಳು ಬಿದ್ದರೆ ಕಾಯಿಯ ಒಳಗಿನ ಕಾಳನ್ನೇ ತಿಂದು ಟೊಳ್ಳು ಮಾಡುತ್ತದೆ, ಹೊಲ ದೂರದಿಂದ ನೋಡಲು ಹಸಿರಾಗಿಯೇ ಇರುತ್ತದೆ. ಅಪ್ಪ ಸಾಲದ ಲೆಕ್ಕ ಮಾಡುತ್ತ ರಾತ್ರಿ ಎದ್ದು ಕೂರುತ್ತಿದ್ದುದನ್ನು, ಪಿಯುಸಿ ಮುಗಿದ ಮೇಲೆ ನನ್ನನ್ನು ಮುಂದೆ ಓದಿಸುತ್ತಾರೋ ಇಲ್ಲವೋ ಎಂಬ ಭಯವನ್ನು ನಾನು ಆ ಪತ್ರದಲ್ಲಿ ಬರೆದಿದ್ದೆ. ಕೊನೆಯ ಪುಟದ ಎರಡು ಸಾಲಿಗೆ ಹಿಡಿಸದ ಮಾತಾಗಿದ್ದರಿಂದ ಬೇರೆ ಹಾಳೆಯಲ್ಲಿ, ಪೆನ್ನಿನಿಂದ ಬರೆದಿದ್ದೆ. ಅವನು ಅದನ್ನು ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ಓದಿದ. ಕೆಲವು ದಿನಗಳ ನಂತರ ಪ್ರಯೋಗಾಲಯದಲ್ಲಿ ಅವರಲ್ಲೊಬ್ಬ ಬ್ಯೂರೆಟ್ ಹಿಡಿದು ನಿಂತಿದ್ದವನು ನನ್ನದೇ ಒಂದು ಸಾಲನ್ನು, ಅಪ್ಪನ ಬಗ್ಗೆ ಬರೆದ ಸಾಲನ್ನು, ನನಗೆ ಕೇಳುವಂತೆ ಹೇಳಿ ನಕ್ಕ. ಆ ದಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಆ ಪತ್ರ ವಾಪಸ್ ಕೊಡು’ ಎಂದಷ್ಟೇ ಬರೆದು ಕಳಿಸಿದೆ. ನೋಟ್‌ಬುಕ್ ಮರಳಿ ಬಂತು, ಪತ್ರ ಬರಲಿಲ್ಲ, ಆ ಸಾಲಿನ ಕೆಳಗೆ ಉತ್ತರವೂ ಇರಲಿಲ್ಲ. ನಾನು ಆ ಪುಟವನ್ನು ಹರಿದು ಒಲೆಗೆ ಹಾಕಿ, ಅವನಿಗೆ ನೋಟ್ಸ್ ಕೊಡುವುದನ್ನು ನಿಲ್ಲಿಸಿದೆ.

ಡಿಸೆಂಬರಿನ ಕೊನೆಗೆ ಗೆಳತಿಯೊಬ್ಬಳು ಬಂದು, ‘ಏ, ಅವ ಅಕಿ ಜೋಡಿ ತಿರಗಾಡ್ಲಾಕತ್ಯಾನ, ನಿನಗ ಗೊತ್ತದೇನು?’ ಎಂದಳು. ಅವಳು ಹೇಳಿದ ಹುಡುಗಿ ನಮ್ಮದೇ ಟ್ಯೂಷನ್ನಿನವಳು, ಮುಂದಿನ ಸಾಲಿನಲ್ಲಿ ಕೂತು ಯಾರೊಂದಿಗೂ ಹೆಚ್ಚು ಮಾತಾಡದವಳು, ಅವಳ ಅಪ್ಪ ಬಟ್ಟೆ ಹೊಲಿಯುವವರು. ಮರುದಿನ ನಾನು ಅವರಿಬ್ಬರನ್ನು ಜಗತ್ ವೃತ್ತದ ಬಳಿ, ಮಿರ್ಚಿ ಭಜಿಯ ಬಂಡಿಯ ಮುಂದೆ, ಮಟಮಟ ಮಧ್ಯಾಹ್ನ ನೋಡಿದೆ. ಅವನು ಅವಳ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಿದ್ದ. ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ರಸ್ತೆಯ ಎರಡೂ ತುದಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ನಾನು ಬರುವುದನ್ನು ಕಂಡ ಕೂಡಲೇ ಅವನು ಗಟ್ಟಿಯಾಗಿ ನಕ್ಕ. ಅವಳು ಏನೂ ಹೇಳಿರಲಿಲ್ಲ. ಪ್ರೀತಿಸುವಾಗ ನನ್ನ ಪಕ್ಕದಲ್ಲಿ ಒಮ್ಮೆಯೂ ನಿಲ್ಲದಿದ್ದ ಹುಡುಗ, ಕಾಲೇಜು ಬಿಡುವ ಹೊತ್ತಿಗೆ ಊರಿನ ನಡುಮಧ್ಯದಲ್ಲಿ ಒಬ್ಬ ಹುಡುಗಿಯ ಜೊತೆ ನಿಂತಿದ್ದಾನೆಂದರೆ ಅದು ಪ್ರೀತಿಯಾಗಿರಲು ಸಾಧ್ಯವಿಲ್ಲವೆಂದು ನನಗೆ ಅಲ್ಲೇ ತಿಳಿಯಿತು. ದೂರದ ದೇಶಗಳ ಕಥೆಗಳಲ್ಲಿ ನಿಜವಾದ ಜೋಡಿಯೂ ಸುಳ್ಳು ಜೋಡಿಯೂ ಒಂದೇ ರೀತಿ ಕೈ ಹಿಡಿದುಕೊಂಡು ಶಾಲೆಯ ಅಂಗಳದಲ್ಲಿ ನಡೆಯುತ್ತವೆ, ಹಾಗಾಗಿ ನೋಡುವವರು ನಂಬುತ್ತಾರೆ. ನಮ್ಮಲ್ಲಿ ಎದ್ದು ಕಾಣುವುದೇ ಸುಳ್ಳಿನ ಗುರುತು.

ಆ ಜನವರಿ 7ರಂದು ಗುಲ್ಬರ್ಗಾ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರವನ್ನು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ ಅವರು ಉದ್ಘಾಟಿಸಿದ್ದರು. ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬಿಳಿ ಗುಮ್ಮಟವನ್ನೂ ಸಾಂಚಿಯ ಮಾದರಿಯ ತೋರಣಗಳನ್ನೂ ನೋಡಲು ಮನೆಮಂದಿಯೆಲ್ಲ ಟಂಟಂ ಆಟೊ ಮಾಡಿಕೊಂಡು ಸೇಡಂ ರಸ್ತೆ ಹಿಡಿಯುತ್ತಿದ್ದರು. ನಮ್ಮ ಟ್ಯೂಷನ್ನಿನವರೂ ಒಂದು ಭಾನುವಾರ ಗುಂಪಾಗಿ ಹೋದೆವು. ಒಳಗೆ ಹೋಗುವ ಮೊದಲು ಚಪ್ಪಲಿ ಬಿಡುವಲ್ಲಿ ಅವನು ಬಗ್ಗಿ, ಅವಳ ಚಪ್ಪಲಿಗಳನ್ನು ಎತ್ತಿ ತನ್ನ ಬೂಟುಗಳ ಪಕ್ಕದಲ್ಲಿ ಜೋಡಿಸಿಟ್ಟು, ನಾನು ನೋಡಿದೆನೇ ಎಂದು ತಿರುಗಿ ನೋಡಿದ. ನಾನು ನೋಡಿದ್ದೆ. ಎಲ್ಲರೂ ಒಳಗೆ ಹೋದ ಮೇಲೆ, ದುಪಟ್ಟಾದ ಪಿನ್ನು ಸರಿಮಾಡಿಕೊಳ್ಳುತ್ತ ಹಿಂದುಳಿದಿದ್ದ ನಾನು ಇನ್ನೊಂದನ್ನೂ ನೋಡಿದೆ: ಅವಳು ಒಬ್ಬಳೇ ಮರಳಿ ಬಂದು, ತನ್ನ ಚಪ್ಪಲಿಗಳನ್ನು ಅಲ್ಲಿಂದ ತೆಗೆದು ಹುಡುಗಿಯರ ಸಾಲಿನ ತುದಿಯಲ್ಲಿ ಇಟ್ಟಳು. ಒಂದು ಚಪ್ಪಲಿಯ ಪಟ್ಟಿಗೆ ಬೇರೆ ಬಣ್ಣದ ದಾರದಿಂದ ಹೊಲಿಗೆ ಹಾಕಿತ್ತು, ಅಪ್ಪನ ಕೈಯ ಹೊಲಿಗೆಯೇ ಇರಬೇಕು, ಅಷ್ಟು ಸಣ್ಣದಾಗಿ, ನೇರವಾಗಿತ್ತು. ಅವಳ ಬಗ್ಗೆ ಅಲ್ಲಿಯವರೆಗೆ ನನ್ನಲ್ಲಿದ್ದ ಸಿಟ್ಟು ಆ ಗಳಿಗೆಯಲ್ಲಿ ಇಳಿಯಿತು.

ನಟನೆಯೆಂದು ತಿಳಿದಿದ್ದರೂ ಹೊಟ್ಟೆಯುರಿ ಮಾತ್ರ ತಪ್ಪಲಿಲ್ಲ. ಅವ್ವ ಬಡಿಸಿದ ಬಿಸಿ ರೊಟ್ಟಿ ತಾಟಿನಲ್ಲಿ ಆರುತ್ತಿತ್ತು, ಓದಲು ಕೂತರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅವನು ಬಯಸಿದ ಪರಿಣಾಮ ಆಗಿಯೇ ಇತ್ತು ಎಂದು ಒಪ್ಪಲೇಬೇಕು. ಈ ಉಪಾಯ ಕೆಲಸ ಮಾಡುತ್ತದೆ, ಅದಕ್ಕೇ ಅದು ಇಷ್ಟು ಕಥೆಗಳಲ್ಲಿ ಬಾಳಿದೆ. ಆದರೆ ಆ ಉರಿ ನನ್ನನ್ನು ಅವನ ಕಡೆಗೆ ಒಂದು ಹೆಜ್ಜೆಯೂ ಒಯ್ಯಲಿಲ್ಲ. ಕಥೆಗಳಲ್ಲಿ ಹೊಟ್ಟೆಕಿಚ್ಚಾದರೆ ಪ್ರೀತಿ ಉಳಿದಿದೆ ಎಂದೇ ಅರ್ಥ ಮಾಡುತ್ತಾರೆ. ನನಗೆ ನೋವಾದದ್ದು ಬೇರೊಂದಕ್ಕೆ: ಹಗಲು ಹೊತ್ತಿನಲ್ಲಿ ಜನರೆದುರು ಒಬ್ಬಳ ಪಕ್ಕದಲ್ಲಿ ನಿಲ್ಲುವುದು ಅವನಿಂದ ಸಾಧ್ಯವಿತ್ತು, ಅದನ್ನು ಅವನು ನಿಜವಾದುದಕ್ಕಾಗಿ ಮಾಡಲಿಲ್ಲ, ಸುಳ್ಳಿಗಾಗಿ ಮಾಡಿದ. ಪತ್ರವನ್ನು ಗೆಳೆಯರ ಮುಂದೆ ಓದುವಾಗಲೂ ಅವನು ನಿಂತದ್ದು ನೋಡುವವರಿಗಾಗಿಯೇ. ಅವನಿಗೆ ಪ್ರತಿಸಲವೂ ಬೇಕಾಗಿದ್ದವರು ನೋಡುಗರು ಎಂದು ನನಗೆ ಹೊಳೆದದ್ದು ಆ ದಿನಗಳಲ್ಲಿ, ಮತ್ತು ಹಾಗೆ ಹೊಳೆದ ಮೇಲೆ ರೊಟ್ಟಿ ಗಂಟಲಲ್ಲಿ ಇಳಿಯತೊಡಗಿತು.

ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ. ಆ ಜಾತ್ರೆಯನ್ನು ನೋಡದವರಿಗೆ ಅದರ ಗದ್ದಲವನ್ನು ಹೇಳುವುದು ಕಷ್ಟ. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದ, ಬೀದರ, ಯಾದಗಿರಿ, ವಿಜಯಪುರದ ಕಡೆಯಿಂದ, ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದ ಹಳ್ಳಿಗಳಿಂದಲೂ ಜನ ಬರುತ್ತಾರೆ. ತೇರು ಕದಲಿದಾಗ ಉತ್ತತ್ತಿ, ಬಾಳೆಹಣ್ಣು ತೂರುವ ಕೈಗಳೇ ಕಾಣುತ್ತವೆ. ಬಳೆ, ಬೆಂಡು ಬತ್ತಾಸು, ಆಟಿಕೆಗಳ ಅಂಗಡಿಗಳು ಮುಂದೆ ಅನೇಕ ದಿನ ನಿಂತಿರುತ್ತವೆ. ಪಿಯುಸಿ ಪರೀಕ್ಷೆಯೂ ಮಾರ್ಚಿನಲ್ಲೇ ಬರುವುದರಿಂದ ನಾವು ಹುಡುಗಿಯರು ಅವ್ವಂದಿರ ಜೊತೆ ಬಂದು ಕೈಮುಗಿದು ಬೇಗ ಮರಳುವವರಿದ್ದೆವು. ನಾನು ಬರುತ್ತೇನೆಂದು ಅವನಿಗೆ ಗೊತ್ತಿತ್ತು. ಬಳೆ ಅಂಗಡಿಯ ಮುಂದೆ ಅವನು ಅವಳ ಕೈ ಮುಂದೆ ಮಾಡಿಸಿ, ಹಸಿರು ಬಳೆಗಳನ್ನು ತೊಡಿಸಲು ಅಂಗಡಿಯವಳಿಗೆ ಹೇಳಿದ.

ನನ್ನೊಬ್ಬಳಿಗೆ ಕಾಣಲೆಂದು ಅವನು ಆರಿಸಿದ ಜಾಗದಲ್ಲಿ ಅವಳ ಬಳಗವೆಲ್ಲ ಇತ್ತು. ಚಿತ್ತಾಪುರದ ಕಡೆಯ ಹಳ್ಳಿಯಿಂದ ಜಾತ್ರೆಗೆ ಬಂದಿದ್ದ ಅವಳ ಕಾಕಾ ಎರಡು ಅಂಗಡಿಗಳಾಚೆ ನಿಂತು ಮೊಮ್ಮಗನಿಗೆ ಪೀಪಿ ಕೊಡಿಸುತ್ತಿದ್ದರು. ಅವರು ಬಂದು ಏನೂ ಕೂಗಾಡಲಿಲ್ಲ. ಅರ್ಧ ತೊಡಿಸಿದ ಬಳೆಗಳ ಮೇಲೆಯೇ ಅವಳ ಮುಂಗೈ ಹಿಡಿದು, ‘ಮನಿಗಿ ನಡಿ’ ಎಂದರು. ಅವನು ಆ ಹೊತ್ತಿಗೆ ಜನರೊಳಗೆ ಸೇರಿಕೊಂಡಿದ್ದ.

ನಂತರ ಆದದ್ದನ್ನು ಬೇಗ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಅವಳ ಟ್ಯೂಷನ್ ನಿಂತಿತು. ಪರೀಕ್ಷೆಗೆ ಅಣ್ಣ ಕರೆತಂದು, ಹೊರಗೆ ಕಾದು, ಕರೆದೊಯ್ಯುತ್ತಿದ್ದ. ಇನ್ನೂ 18 ತುಂಬದವಳಿಗೆ ಗಂಡು ನೋಡುವ ಮಾತು ಬಂತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಜಾರಿಯಲ್ಲಿದ್ದರೂ ಆ ಮಾತು ಅಡುಗೆಮನೆಯವರೆಗೆ ಬಂದೇ ಬರುತ್ತಿತ್ತು. ತಡೆದದ್ದು ಅವಳ ಅವ್ವ, ಡಿಗ್ರಿಗೆ ಹೆಸರು ಹಚ್ಚದ ಹೊರತು ಯಾರ ಎದುರೂ ಮಗಳನ್ನು ಕೂಡಿಸುವುದಿಲ್ಲವೆಂದು ಪಟ್ಟು ಹಿಡಿದವರು. ಅತ್ತ ಹುಡುಗನ ಮನೆಯಲ್ಲಿ ಅಪ್ಪ ಒಂದು ಸಲ ಗದರಿ, ಪರೀಕ್ಷೆಯಾದ ಮೇಲೆ ಕೋಚಿಂಗಿಗೆಂದು ಬೆಂಗಳೂರಿಗೆ ಕಳಿಸಿದರು. ಒಂದೇ ನಾಟಕದಲ್ಲಿ ಪಾತ್ರ ಮಾಡಿದವರಿಗೆ ಊರು ಕೊಟ್ಟ ತೀರ್ಪುಗಳ ನಡುವಿನ ಈ ಅಂತರವನ್ನು ನಾನು ಇಂದಿಗೂ ಸಹಿಸಲಾರೆ, ಮತ್ತು ಇದನ್ನು ಕಾಣಿಸದ ಕಥೆಯನ್ನು ಕಲಬುರಗಿಯ ಕಥೆಯೆಂದು ಒಪ್ಪಲಾರೆ.

ಮೇ ತಿಂಗಳಲ್ಲಿ ನಾನು ಅವಳ ಮನೆಗೆ ಹೋದೆ. ಸಿಇಟಿಗೆ ಓದಲು ಅವಳ ಬಳಿ ಏನೂ ಇಲ್ಲವೆಂದು ಗೆಳತಿಯಿಂದ ತಿಳಿದು ನನ್ನ ನೋಟ್ಸುಗಳ ಝೆರಾಕ್ಸ್ ಒಯ್ದಿದ್ದೆ. ಬಿಸಿಲು ಇಳಿದ ಮೇಲೂ ಮಾಳಿಗೆಯ ಶಹಾಬಾದಿ ಪರಸಿಕಲ್ಲು ಕಾದೇ ಇತ್ತು; ಅವಳು ಕೊಡಗಟ್ಟಲೆ ನೀರು ಸುರಿದು, ಚಾಪೆ ಹಾಸಿದ ಮೇಲೆ ಕೂತೆವು. ಅಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅವನ ಸಂಬಂಧಿಯೊಬ್ಬರು ಬೆಂಗಳೂರಿನಿಂದ ಕಳಿಸುತ್ತಿದ್ದ ಕೋಚಿಂಗ್ ಮಟೀರಿಯಲ್ ಅವಳಿಗೆ ಬೇಕಾಗಿತ್ತು, ಕೊಂಡುಕೊಳ್ಳುವ ಶಕ್ತಿ ಮನೆಯಲ್ಲಿರಲಿಲ್ಲ. ಅದಕ್ಕೆ ಪ್ರತಿಯಾಗಿ ಅವಳು ಒಪ್ಪಿದ್ದಳು, ಒಪ್ಪುವ ಮೊದಲು ಕರಾರು ಹಾಕಿದ್ದಳು: ತನ್ನ ಮನೆಯ ಓಣಿಗೆ ಬರಬಾರದು, ಫೋಟೋ ತೆಗೆಯಬಾರದು, ಪರೀಕ್ಷೆಗೆ ಮುಂಚೆಯೇ ಇದೆಲ್ಲ ಮುಗಿಯಬೇಕು. ಅವನು ಎಲ್ಲಕ್ಕೂ ತಲೆಯಾಡಿಸಿದ್ದ. ಯಾರಾದರೂ ಕೇಳಿದರೆ ಸಿಕ್ಕಿಬೀಳಬಾರದೆಂದು ಅವಳಿಗೆ ಯಾವ ಬಣ್ಣ ಇಷ್ಟ, ಯಾವ ಊಟ ಇಷ್ಟ, ಮುಂದೆ ಏನಾಗಬೇಕೆಂದಿದ್ದಾಳೆ ಎಂದೆಲ್ಲ ಕೇಳಿ ತಿಳಿದುಕೊಂಡಿದ್ದ. ಈ ಪ್ರಶ್ನೆಗಳನ್ನು ಅಲ್ಲಿಯವರೆಗೆ ತನ್ನನ್ನು ಯಾರೂ ಕೇಳಿರಲಿಲ್ಲ ಎಂದು ಹೇಳುವಾಗ ಅವಳು ಚಾಪೆಯ ಅಂಚಿನ ಎಳೆ ಕೀಳುತ್ತಿದ್ದಳು. ಆಮೇಲೆ, ‘ಅವ ನನ್ನ ಬಾಜೂಕ ನಿಂತಾಗ ನಿನ್ನೇ ನೋಡ್ತಿದ್ದ. ನಾ ಅವನ್ನ ನೋಡ್ತಿದ್ದೆ. ಅದು ಯಾರಿಗೂ ಕಾಣಲಿಲ್ಲ’ ಎಂದಳು.

ನಟನೆ ನಿಜವಾಗುವುದು ಕಥೆಗಾರರ ಕಲ್ಪನೆಯೇನಲ್ಲ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಏರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪರಿಚಯವಿಲ್ಲದ ಇಬ್ಬಿಬ್ಬರನ್ನು ಕೂಡಿಸಿ, ಕ್ರಮೇಣ ಹೆಚ್ಚು ಆಪ್ತವಾಗುತ್ತ ಹೋಗುವ 36 ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುವಂತೆ ಮಾಡಿದ್ದರು. ಸುಮಾರು 45 ನಿಮಿಷಗಳ ನಂತರ, ಬರಿಯ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಲ್ಲಿ ಆಪ್ತಭಾವ ಹೆಚ್ಚಾಗಿತ್ತು. ಮನುಷ್ಯ ತನ್ನ ಮನಸ್ಸನ್ನು ಅನೇಕ ಸಲ ತನ್ನದೇ ನಡವಳಿಕೆಯನ್ನು ನೋಡಿ ತಿಳಿದುಕೊಳ್ಳುತ್ತಾನೆ ಎಂಬ ವಾದವನ್ನು ಡ್ಯಾರಿಲ್ ಬೆಮ್ 1967ರಲ್ಲೇ ಮುಂದಿಟ್ಟಿದ್ದರು. ದಿನವೂ ಒಬ್ಬನ ಪಕ್ಕದಲ್ಲಿ ನಿಂತು, ಅವನಿಗಾಗಿ ಕಾದು, ಅವನ ಮಾತಿಗೆ ನಕ್ಕ ಹುಡುಗಿ ತನ್ನನ್ನು ತಾನು ಏನೆಂದು ತಿಳಿದುಕೊಂಡಾಳು? ಕಥೆಗಳು ಇಲ್ಲಿಯವರೆಗೆ ಸರಿಯಾಗಿಯೇ ಹೇಳುತ್ತವೆ. ಅವು ಎಡವುವುದು ಇಬ್ಬರಿಗೂ ಒಂದೇ ಹೊತ್ತಿಗೆ ಹಾಗಾಗುತ್ತದೆ ಎಂದು ಭಾವಿಸುವುದರಲ್ಲಿ. ಪ್ರಶ್ನೆ ಕೇಳುತ್ತಿದ್ದವನು ಅವನು, ಮನಸ್ಸು ತೆರೆದು ಉತ್ತರ ಹೇಳುತ್ತಿದ್ದವಳು ಅವಳು. ಅವಳ ಪ್ರಶ್ನೆಗಳಿಗಾಗಿ ಅವನು ಕೂರಲೇ ಇಲ್ಲ.

ಎಂ.ಎ. ಓದುವಾಗ ಫ್ರೆಂಚ್ ಲೇಖಕ ಆಲ್‌ಫ್ರೆಡ್ ದ ಮ್ಯೂಸೆ 1834ರಲ್ಲಿ ಪ್ರಕಟಿಸಿದ ನಾಟಕವೊಂದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಬೆರಗಾಗಿದ್ದೆ. ಅದರಲ್ಲಿ ಪೆರ್ದಿಕಾನ್ ಎಂಬ ಯುವಕ ತನ್ನನ್ನು ನಿರಾಕರಿಸಿದ ಕಮೀಲ್‌ಳಿಗೆ ಕಾಣುವಂತೆ, ರೋಸೆಟ್ ಎಂಬ ಹಳ್ಳಿಯ ಹುಡುಗಿಗೆ ಪ್ರೀತಿ ತೋರಿಸುತ್ತಾನೆ. ಕೊನೆಗೆ ಪೆರ್ದಿಕಾನ್ ಮತ್ತು ಕಮೀಲ್ ಪರಸ್ಪರ ಪ್ರೀತಿಯನ್ನು ಒಪ್ಪಿಕೊಳ್ಳುವಾಗ, ಮರೆಯಲ್ಲಿದ್ದು ಅದನ್ನು ಕೇಳಿಸಿಕೊಂಡ ರೋಸೆಟ್ ಸಾಯುತ್ತಾಳೆ. ಕಮೀಲ್ ಅವನಿಗೆ ವಿದಾಯ ಹೇಳಿ ಹೊರಟುಬಿಡುತ್ತಾಳೆ. ಈ ಉಪಾಯದ ಬೆಲೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಸುಮಾರು ಎರಡು ಶತಮಾನಗಳ ಹಿಂದೆಯೇ ಒಬ್ಬ ಲೇಖಕ ಇಷ್ಟು ಸ್ಪಷ್ಟವಾಗಿ ಕಂಡಿದ್ದ. ಓದುತ್ತಿದ್ದಾಗ ನನಗೆ ಕಣ್ಣಿಗೆ ಕಟ್ಟಿದ್ದು ಅರ್ಧ ತೊಡಿಸಿದ ಹಸಿರು ಬಳೆಗಳು.

ನನ್ನ ಕಡೆಯಿಂದ ನೋಡಿದರೆ ಈ ಇಡೀ ಕಥೆಯ ತಿರುಳು ಒಂದು ಮಾತಿನಲ್ಲಿದೆ. ಅವನು ನನ್ನ ಬಳಿ ಬಂದು ‘ನಿನ್ನ ಪತ್ರ ಓದಿದ್ದು ತಪ್ಪಾಯ್ತು’ ಎಂದು ಹೇಳಿ ಪತ್ರವನ್ನು ಮರಳಿ ಕೊಡಬಹುದಾಗಿತ್ತು. ಕೊಟ್ಟಿದ್ದರೆ ನಾನು ಮತ್ತೆ ಒಪ್ಪುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಆದರೆ ಅವನು ಮಾಡಬೇಕಾಗಿದ್ದುದು ಅದೊಂದೇ, ಅದಕ್ಕೆ ಬೇಕಾಗಿದ್ದುದು ಒಂದು ಸಂಜೆ. ಆ ಒಂದು ಸಂಜೆಯನ್ನು ತಪ್ಪಿಸಿಕೊಳ್ಳಲು ಅವನು ಚಳಿಗಾಲದಿಂದ ಹೋಳಿಯವರೆಗೆ ನಾಟಕವಾಡಿದ, ಅದರಲ್ಲಿ ಇನ್ನೊಬ್ಬಳ ಓದು ನಿಲ್ಲುವ ಹಂತಕ್ಕೆ ಬಂತು. ಬಿಟ್ಟುಹೋದವಳನ್ನು ಹೊಟ್ಟೆಕಿಚ್ಚಿನಿಂದ ಗೆಲ್ಲಲು ಹೊರಟ ಕಥಾನಾಯಕರನ್ನೆಲ್ಲ ನಾನು ಈಗ ಇದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ಇವನು ಏನನ್ನು ಹೇಳುವುದನ್ನು ತಪ್ಪಿಸಿಕೊಳ್ಳುತ್ತಿದ್ದಾನೆ? ಒಳ್ಳೆಯ ಕಥೆಗಳಲ್ಲಿ ಉತ್ತರ ಸಿಗುತ್ತದೆ. ಸುಳ್ಳು ಜೋಡಿಯ ನಡುವೆ ಪ್ರೀತಿ ಹುಟ್ಟುವುದು ಏಕೆ ನಂಬುವಂತಿರುತ್ತದೆ ಎಂಬುದಕ್ಕೂ ಇದೇ ಕಾರಣವೆಂದು ನನಗನಿಸುತ್ತದೆ. ಕರಾರು ಮಾಡಿಕೊಳ್ಳುವಾಗ ಅವರು ನನಗೆ ಇದು ಬೇಕು, ಇದು ಬೇಡ, ಇಲ್ಲಿಯವರೆಗೆ ಬರಬಹುದು ಎಂದು ಬಾಯಿಬಿಟ್ಟು ಹೇಳುತ್ತಾರೆ. ನಿಜವಾಗಿ ಪ್ರೀತಿಸುತ್ತಿದ್ದ ನಾವಿಬ್ಬರು ಆ ಮಾತುಗಳನ್ನು ಒಂದು ದಿನವೂ ಆಡಿರಲಿಲ್ಲ. ಪತ್ರವನ್ನು ಯಾರಿಗೂ ತೋರಿಸಬಾರದೆಂದು ಹೇಳುವ ಅಗತ್ಯವಿದೆಯೆಂದು ನನಗೆ ತೋಚಿಯೂ ಇರಲಿಲ್ಲ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಬರೆಯುವುದನ್ನು ಬಿಡಬೇಕೆಂದು ನನ್ನ ಇಚ್ಛೆಯಲ್ಲ, ಇನ್ನೂ ಚೆನ್ನಾಗಿ ಬರೆಯಬೇಕೆಂದು ನನ್ನ ಆಸೆ. ಅವಳ ಕಾಲದಲ್ಲಿ ನೋಡುಗರನ್ನು ಆರಿಸುವುದು ಸುಲಭವಾಗಿದೆ: ವಾಟ್ಸಾಪಿನ ಸ್ಟೇಟಸ್ಸನ್ನು ಒಬ್ಬರಿಗೇ ಕಾಣುವಂತೆ ಇಡಬಹುದು, ಮನೆಯವರಿಗೆಲ್ಲ ಮುಚ್ಚಿಡಬಹುದು. ಅವಳ ಕಥೆಯ ಹುಡುಗ ಮಾಡುವುದೂ ಅದನ್ನೇ. ಆದರೆ ಆ ಒಬ್ಬರು ಸ್ಕ್ರೀನ್‌ಶಾಟ್ ತೆಗೆದರೆ ಅದು ಕಾಕಾನ ಮೊಬೈಲಿಗೆ ತಲುಪಲು ಜಾತ್ರೆಯವರೆಗೆ ಕಾಯಬೇಕಾಗಿಲ್ಲ. ಆ ಅಧ್ಯಾಯ ಅವಳ ಕಥೆಯಲ್ಲಿ ಇನ್ನೂ ಬಂದಿಲ್ಲ, ಬರಬೇಕು. ಪಾತ್ರಗಳಿಗೆ ಹದಿನೇಳು ವಯಸ್ಸಾದ್ದರಿಂದ ಅವರು ಮನೆ ಬಿಟ್ಟು ಹೊರಡುವ ಪ್ರಸಂಗವನ್ನು ಹಗುರವಾಗಿ ಬರೆಯಬಾರದೆಂದೂ ಹೇಳಿದೆ, ಏಕೆಂದರೆ 18 ತುಂಬದವರನ್ನು ಕಾನೂನು ಮಕ್ಕಳೆಂದೇ ಪರಿಗಣಿಸುತ್ತದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯಡಿ ಅವರ ಒಪ್ಪಿಗೆಗೆ ಬೆಲೆಯಿಲ್ಲ, ಪೊಲೀಸ್ ಠಾಣೆ ಕಥೆಯೊಳಗೆ ಬಂದೇ ಬರುತ್ತದೆ. ಅವಳು ಎಲ್ಲವನ್ನೂ ಕೇಳಿ, ‘ಮೌಶಿ, ಹಂಗಾರ ಬಿಟ್ಟುಹೋದ ಹುಡುಗಿಗಿ ಎಷ್ಟು ಅಧ್ಯಾಯ ಕೊಡ್ಲಿ?’ ಎಂದು ಕೇಳಿದಳು. ಎರಡಾದರೂ ಕೊಡು ಎಂದೆ: ಒಂದು ಅವಳು ಏಕೆ ಹೋದಳು ಎಂಬುದಕ್ಕೆ, ಇನ್ನೊಂದು ಅವಳು ಆ ಇನ್ನೊಬ್ಬ ಹುಡುಗಿಯನ್ನು ಹುಡುಕಿಕೊಂಡು ಹೋಗುವುದಕ್ಕೆ.

ಆ ಇನ್ನೊಬ್ಬಳು ಈಗ ನನ್ನ ಆಪ್ತ ಗೆಳತಿ. ಡಿಗ್ರಿ, ಬಿ.ಎಡ್. ಮುಗಿಸಿ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ದೊರೆತಿರುವ ಮೀಸಲಾತಿಯಲ್ಲಿ ಸರಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿಯಾಗಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆದಿದ್ದೇನೆ. ಅಕ್ಕನ ಮಗಳ ಅಧ್ಯಾಯಗಳನ್ನು ಅವಳಿಗೂ ಓದಲು ಕೊಟ್ಟಿದ್ದೆ. ಪುಟಗಳ ಅಂಚಿನಲ್ಲಿ ಶಿಕ್ಷಕಿಯ ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿ ಮರಳಿಸಿದಳು. ಕಥೆಯ ಬಗ್ಗೆ ಅವಳು ಬರೆದದ್ದು ಒಂದೇ ಸೂಚನೆ, ಹುಡುಗ ಹುಡುಗಿ ಕರಾರು ಮಾಡಿಕೊಳ್ಳುವ ಪುಟದಲ್ಲಿ: ‘ಅವಳು ಕೇಳಿದ ಮಟೀರಿಯಲ್ಲನ್ನು ಅವನು ಮೊದಲ ದಿನವೇ ಪೂರ್ತಿ ಕೊಡಲಿ. ವಾರಕ್ಕಿಷ್ಟು ಎಂದು ಒಪ್ಪಿಸಬೇಡ.’